600 ಟನ್ ತೂಕದ ಡಂಪರ್ ಇಳಿಜಾರಿನಲ್ಲಿ ನಿಲ್ಲುವುದು ಹೇಗೆ?

ಪ್ರಶ್ನೆ: ಗಣಿಗಳ ದೈತ್ಯ ಡಂಪರ್‌ಗಳ ವಿಡಿಯೊ ನೋಡುವಾಗಲೆಲ್ಲ ಒಂದೇ ಅನುಮಾನ ಬರುತ್ತದೆ. ಮನೆಯೆತ್ತರದ ಗಾಡಿ, ಮೇಲೆ ನೂರಾರು ಟನ್ ಅದಿರು, ಎದುರಿಗೆ ಇಳಿಜಾರು. ಬ್ರೇಕ್ ಒತ್ತಿದರೆ ಅದು ನಿಜಕ್ಕೂ ನಿಲ್ಲುತ್ತದೆಯೇ? ಅದಕ್ಕೆ ಎಂಥ ಬ್ರೇಕ್ ಇರುತ್ತದೆ?

ಉತ್ತರ: ನಿಲ್ಲುತ್ತದೆ. ಆದರೆ ಇಳಿಜಾರಿನುದ್ದಕ್ಕೂ ಅದನ್ನು ಹಿಡಿದಿಡುವುದು ನಾವು ಬ್ರೇಕ್ ಎಂದುಕೊಳ್ಳುವ ಪೆಡಲ್ ಅಲ್ಲ, ರಿಟಾರ್ಡರ್. ಬ್ರೇಕ್ ಇರುವುದು ಗಾಡಿಯನ್ನು ಪೂರ್ತಿ ನಿಲ್ಲಿಸಲು. ರಿಟಾರ್ಡರ್ ಇರುವುದು ವೇಗ ಏರದಂತೆ ತಡೆಯಲು. ನಿಲ್ಲಿಸುವುದೇ ಕಷ್ಟದ ಕೆಲಸ ಎಂದು ಎಲ್ಲರಿಗೂ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿದರೆ ಅದು ತಿರುವುಮುರುವಾಗುತ್ತದೆ.

ಕ್ಯಾಟರ್‌ಪಿಲ್ಲರ್ 797ಎಫ್ ಡಂಪರ್ ಹೊರುವುದು 363 ಟನ್, ಲೋಡ್ ಸೇರಿ ಒಟ್ಟು ತೂಕ ಸುಮಾರು 624 ಟನ್. ಲೀಬ್‌ಹೆರ್ ಟಿ 284 ಲೋಡ್ ಸೇರಿ 600 ಟನ್. 2013ರಲ್ಲಿ ಬಂದ ಬೆಲಾಝ್ 75710 ಇವೆಲ್ಲಕ್ಕಿಂತ ದೊಡ್ಡದು: 450 ಟನ್ ಹೊರುತ್ತದೆ, ಒಟ್ಟು 810 ಟನ್ ತೂಗುತ್ತದೆ. ಲೆಕ್ಕಕ್ಕೆ 600 ಟನ್ ಇಟ್ಟುಕೊಳ್ಳೋಣ.

ಗಂಟೆಗೆ 50 ಕಿ.ಮೀ. ವೇಗದಲ್ಲಿ ಸಮತಟ್ಟು ರಸ್ತೆಯಲ್ಲಿ ಹೋಗುತ್ತಿರುವ ಈ ಗಾಡಿಯನ್ನು ನಿಲ್ಲಿಸಬೇಕಾದರೆ ಬ್ರೇಕ್ ಸುಮಾರು 58 ಮೆಗಾಜೂಲ್ ಶಕ್ತಿಯನ್ನು ಶಾಖವಾಗಿ ನುಂಗಬೇಕು. ಅದೇ ಗಾಡಿ 10% ಇಳಿಜಾರಿನಲ್ಲಿ, ಅಂದರೆ 100 ಮೀಟರ್ ಸಾಗಿದರೆ 10 ಮೀಟರ್ ಇಳಿಯುವ ರಸ್ತೆಯಲ್ಲಿ, 2 ಕಿ.ಮೀ. ಇಳಿಯಲಿ. ಸುಮಾರು 200 ಮೀಟರ್ ಎತ್ತರ ಕಳೆಯುತ್ತದೆ, 1,177 ಮೆಗಾಜೂಲ್ ಶಕ್ತಿ ಹೊರಬೀಳುತ್ತದೆ. ಗಟ್ಟಿ ರಸ್ತೆಯಲ್ಲಿ ಟೈರು ಉರುಳುವುದಕ್ಕಿರುವ ತಡೆ ತೂಕದ 2% ಎಂದು ಹಿಡಿದರೂ ಕಳೆಯುವುದು ಐದರಲ್ಲಿ ಒಂದು ಪಾಲು ಮಾತ್ರ. ಉಳಿದ 940 ಮೆಗಾಜೂಲನ್ನು ಗಾಡಿಯೇ ಎಲ್ಲಿಗಾದರೂ ಸಾಗಿಸಬೇಕು. ಒಮ್ಮೆ ನಿಲ್ಲಿಸುವುದಕ್ಕೆ ಬೇಕಾದದ್ದರ 16 ಪಟ್ಟು ಅದು.

ಈ ಶಾಖವನ್ನೆಲ್ಲ ಒಂದು ಟನ್ ಉಕ್ಕಿನ ಡಿಸ್ಕ್‌ಗಳೇ ಹಿಡಿದುಕೊಳ್ಳಬೇಕಾಗಿ ಬಂದರೆ ಏನಾಗುತ್ತದೆ? 58 ಮೆಗಾಜೂಲಿಗೆ ಅವು 120 ಡಿಗ್ರಿಯಷ್ಟು ಬಿಸಿಯೇರುತ್ತವೆ, ಅದನ್ನು ತಡೆದುಕೊಳ್ಳುತ್ತವೆ. 940 ಮೆಗಾಜೂಲಿಗೆ 1,900 ಡಿಗ್ರಿ ಏರಬೇಕು. ಉಕ್ಕು ಕರಗುವುದು ಸುಮಾರು 1,500 ಡಿಗ್ರಿಗೆ. ಆದ್ದರಿಂದ ಶಾಖವನ್ನು ಒಳಗೆ ಕೂಡಿಡುವ ಮಾತೇ ಇಲ್ಲ. ಹುಟ್ಟುತ್ತಿದ್ದಂತೆ ಹೊರಗೆ ತಳ್ಳುತ್ತಲೇ ಇರಬೇಕು. ರಿಟಾರ್ಡರ್ ಮಾಡುವುದು ಇದನ್ನೇ.

ಎಷ್ಟು ಬೇಗ ಹೊರಗೆ ತಳ್ಳಬೇಕು ಎನ್ನುವುದು ವೇಗವನ್ನು ಅವಲಂಬಿಸಿದೆ. ಮೇಲಿನ ಇಳಿಜಾರಿನಲ್ಲೇ ಗಂಟೆಗೆ 20 ಕಿ.ಮೀ. ವೇಗವಿದ್ದರೆ ಸೆಕೆಂಡಿಗೆ 2.6 ಮೆಗಾಜೂಲ್, ಅಂದರೆ 2,600 ಕಿಲೋವ್ಯಾಟ್. 30ಕ್ಕೆ 3,900. 40ಕ್ಕೆ 5,200. ಕೊಮಾಟ್ಸು 930ಇ ಮಾದರಿಯ ರಿಟಾರ್ಡರ್ ಸಾಮರ್ಥ್ಯ ಸುಮಾರು 4,000 ಕಿಲೋವ್ಯಾಟ್, ಅದರ ಎಂಜಿನ್ ಸುಮಾರು 2,000 ಕಿಲೋವ್ಯಾಟ್. ಓಡಿಸುವ ಶಕ್ತಿಗಿಂತ ತಡೆಯುವ ಶಕ್ತಿ ಎರಡು ಪಟ್ಟು! ಈ ಯಂತ್ರಗಳ ಬಗ್ಗೆ ಮಾತು ಬಂದಾಗ ಎಲ್ಲರೂ ಎಂಜಿನ್ನಿನ ಅಶ್ವಶಕ್ತಿಯನ್ನೇ ಹೇಳುತ್ತಾರೆ. ನಿಜವಾಗಿ ಬೆರಗಾಗಬೇಕಾದ ಅಂಕಿ ಇದು.

ಈ ಲೆಕ್ಕದೊಳಗೆ ಒಂದು ಅಪಾಯವೂ ಅಡಗಿದೆ. ರಿಟಾರ್ಡರ್ ಸಾಮರ್ಥ್ಯಕ್ಕೆ ಒಂದು ಮಿತಿ ಇದೆ, ಆದರೆ ವೇಗ ಹೆಚ್ಚಿದಷ್ಟೂ ಅದರಿಂದ ಬೇಕಾಗುವ ಕೆಲಸ ಹೆಚ್ಚುತ್ತಲೇ ಹೋಗುತ್ತದೆ. 4,000 ಕಿಲೋವ್ಯಾಟ್‌ನ ರಿಟಾರ್ಡರ್ ನಮ್ಮ 600 ಟನ್ ಗಾಡಿಯನ್ನು 30 ಕಿ.ಮೀ. ವೇಗದಲ್ಲಿ ತನ್ನ ಮಿತಿಯ ಅಂಚಿನಲ್ಲಿ ಹಿಡಿಯುತ್ತದೆ. ಅದೇ ಗಾಡಿ 31 ದಾಟಿತೋ, ರಿಟಾರ್ಡರ್ ಪೂರ್ತಿ ಕೆಲಸ ಮಾಡುತ್ತಿದ್ದರೂ ವೇಗ ಏರುತ್ತಲೇ ಇರುತ್ತದೆ. ಮತ್ತೆ ಹಿಡಿತಕ್ಕೆ ತರಲು ಕಾಲಿನ ಬ್ರೇಕನ್ನೇ ಒತ್ತಬೇಕು. ಹಾಗಾಗಿ ಇಳಿಜಾರಿನ ವೇಗವನ್ನು ಇಳಿಯಲು ತೊಡಗುವ ಮೊದಲೇ, ನೆತ್ತಿಯಲ್ಲೇ, ಕಡಿಮೆ ಮಾಡಿಕೊಳ್ಳಬೇಕು. ಇಳಿಯುತ್ತಾ ಸರಿಮಾಡಿಕೊಳ್ಳೋಣ ಎನ್ನುವುದಕ್ಕೆ ಇಲ್ಲಿ ಅವಕಾಶವಿಲ್ಲ. ತಯಾರಕರು ಪ್ರತಿ ಮಾದರಿಗೂ ರಿಟಾರ್ಡರ್ ಚಾರ್ಟ್ ಕೊಡುತ್ತಾರೆ. ಗಾಡಿಯ ಒಟ್ಟು ತೂಕ ತೆಗೆದುಕೊಳ್ಳಿ, ರಸ್ತೆಯ ಇಳಿಜಾರಿನಿಂದ ಉರುಳು ತಡೆಯನ್ನು ಕಳೆಯಿರಿ (10ರಲ್ಲಿ 2 ಹೋದರೆ 8%), ಎರಡೂ ಗೆರೆ ಕೂಡುವಲ್ಲಿ ಗರಿಷ್ಠ ವೇಗ ಸಿಗುತ್ತದೆ. ಗಣಿಯ ಇಳಿಜಾರಿನ ಬುಡದಲ್ಲೂ ನೆತ್ತಿಯಲ್ಲೂ ಹಾಕಿರುವ ವೇಗಮಿತಿಯ ಫಲಕ ಈ ಚಾರ್ಟಿನಿಂದಲೇ ಹುಟ್ಟಿದ್ದು.

ಇನ್ನು ರಿಟಾರ್ಡರ್ ಹೇಗೆ ಕೆಲಸ ಮಾಡುತ್ತದೆ ಎನ್ನುವುದು. ಇದರಲ್ಲಿ ಎರಡು ಜಾತಿ.

930ಇ, ಟಿ 284, ಬೆಲಾಝ್ 75710 ಇವೆಲ್ಲ ಡೀಸೆಲ್-ಎಲೆಕ್ಟ್ರಿಕ್ ಗಾಡಿಗಳು. ಡೀಸೆಲ್ ಎಂಜಿನ್ ಜನರೇಟರನ್ನು ತಿರುಗಿಸುತ್ತದೆ, ಆ ವಿದ್ಯುತ್ತಿನಿಂದ ಚಕ್ರದ ಮೋಟಾರ್‌ಗಳು ತಿರುಗುತ್ತವೆ. ಮೋಟಾರಿಗೂ ಚಕ್ರಕ್ಕೂ ನಡುವೆ ಸುಮಾರು 30 ಪಟ್ಟು ವೇಗ ತಗ್ಗಿಸುವ ಗಿಯರ್ ಇರುತ್ತದೆ. 4 ಮೀಟರ್ ಎತ್ತರದ ಟೈರು 30 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಬರೀ 40 ಸುತ್ತು ಸುತ್ತುವಾಗ ಒಳಗಿನ ಮೋಟಾರ್ ಸುಮಾರು 1,200 ಸುತ್ತು ಸುತ್ತುತ್ತಿರುತ್ತದೆ. ಇಳಿಜಾರಿನಲ್ಲಿ ಚಾಲಕ ರಿಟಾರ್ಡರ್ ಹಾಕಿದಾಗ ಇದೇ ಮೋಟಾರ್ ಜನರೇಟರ್ ಆಗುತ್ತದೆ. ಚಕ್ರ ಅದನ್ನು ತಿರುಗಿಸಬೇಕು, ಅದು ವಿದ್ಯುತ್ ಮಾಡುತ್ತಾ ಚಕ್ರವನ್ನು ಹಿಂದಕ್ಕೆ ಎಳೆಯುತ್ತದೆ. ಹುಟ್ಟಿದ ವಿದ್ಯುತ್ತು ಹೋಗುವುದು ಡೆಕ್ಕಿನ ಮೇಲೆ ಕ್ಯಾಬಿನ್ನಿನ ಪಕ್ಕ ಕೂತಿರುವ ದೊಡ್ಡ ಪೆಟ್ಟಿಗೆಗೆ. ಅದು ಗ್ರಿಡ್: ಸಾಲು ಸಾಲಾಗಿ ಜೋಡಿಸಿದ ಲೋಹದ ರೆಸಿಸ್ಟರ್ ಪಟ್ಟಿಗಳು, ಹಿಂದೆ ಬ್ಲೋವರ್. ಕೋಣೆ ಬೆಚ್ಚಗೆ ಮಾಡುವ ಫ್ಯಾನ್ ಹೀಟರ್‌ನಂತೆಯೇ, ಆದರೆ ಸಾವಿರಾರು ಪಟ್ಟು ದೊಡ್ಡದು. ಬಹಳಷ್ಟು ಮಾದರಿಗಳಲ್ಲಿ ಬ್ಲೋವರ್ ಓಡುವುದು ಸಹ ಇದೇ ವಿದ್ಯುತ್ತಿನಿಂದ. ರಿಟಾರ್ಡಿಂಗ್ ಜೋರಾದಷ್ಟೂ ಗಾಳಿಯೂ ಜೋರು, ಆ ಬೋರ್ಗರೆತ ದೂರಕ್ಕೂ ಕೇಳುತ್ತದೆ. ಇಷ್ಟು ಕೆಲಸದಲ್ಲಿ ಬ್ರೇಕಿನಂತೆ ಏನೂ ಸವೆಯುವುದಿಲ್ಲ. ತಡೆಯುವುದಕ್ಕೆಂದು ಉಜ್ಜುವ ಭಾಗವೇ ಇಲ್ಲ. ಈ ಯಂತ್ರದಲ್ಲಿ ಇಷ್ಟು ಅಚ್ಚುಕಟ್ಟಾದ ಉಪಾಯ ಇನ್ನೊಂದಿಲ್ಲ.

ಹಳೆಯ ಡಿ.ಸಿ. ಮೋಟಾರ್ ಗಾಡಿಗಳಲ್ಲಿ ವೇಗ ಕಡಿಮೆಯಾದಂತೆ ಈ ಎಳೆತ ಸೋಲುತ್ತಿತ್ತು, ಕೊನೆಯ ಹಂತವನ್ನು ಬ್ರೇಕಿಗೇ ಬಿಡಬೇಕಿತ್ತು. 1990ರ ದಶಕದಲ್ಲಿ ಎ.ಸಿ. ಮೋಟಾರ್ ಬಂದ ಮೇಲೆ ನಡಿಗೆಯ ವೇಗಕ್ಕಿಂತ ಕಡಿಮೆಗೂ ರಿಟಾರ್ಡರಿನಿಂದಲೇ ಇಳಿಸಬಹುದು.

797ಎಫ್‌ನದು ಇನ್ನೊಂದು ದಾರಿ. ಅದರಲ್ಲಿ ಮೋಟಾರ್ ಇಲ್ಲ, 7 ಗಿಯರ್‌ಗಳ ಟ್ರಾನ್ಸ್‌ಮಿಷನ್ ಇದೆ. ಅಲ್ಲಿ ರಿಟಾರ್ಡರೂ ಬ್ರೇಕೂ ಒಂದೇ ಡಿಸ್ಕ್ ಕಟ್ಟು. ಚಕ್ರದೊಂದಿಗೆ ತಿರುಗುವ ಘರ್ಷಣೆಯ ಡಿಸ್ಕ್‌ಗಳು, ಅವುಗಳ ನಡುನಡುವೆ ತಿರುಗದ ಉಕ್ಕಿನ ತಟ್ಟೆಗಳು, ಸುತ್ತಲೂ ಸದಾ ಹರಿಯುವ ಎಣ್ಣೆ. ಪಿಸ್ಟನ್ ಒತ್ತಿದಾಗ ಡಿಸ್ಕು ಮತ್ತು ತಟ್ಟೆಯ ನಡುವೆ ತೆಳುವಾದ ಎಣ್ಣೆಯ ಪೊರೆ ಉಳಿದಿರುತ್ತದೆ, ಆದ್ದರಿಂದ ಸವೆತ ಕಡಿಮೆ. ಶಾಖವನ್ನು ಎಣ್ಣೆ ಹೊತ್ತೊಯ್ದು ಕೂಲರ್‌ನಲ್ಲಿ ಎಂಜಿನ್ ನೀರಿಗೆ ಒಪ್ಪಿಸುತ್ತದೆ, ನೀರು ರೇಡಿಯೇಟರಿಗೆ. ಇಲ್ಲಿ ಎಂಜಿನ್ನಿನ ಸುತ್ತು ಹೆಚ್ಚಿರುವುದು ಬಹಳ ಮುಖ್ಯ, ಏಕೆಂದರೆ ಎಣ್ಣೆ ಪಂಪು, ನೀರಿನ ಪಂಪು, ಫ್ಯಾನು ಎಲ್ಲವೂ ಎಂಜಿನ್ನನ್ನೇ ನೆಚ್ಚಿವೆ. ಮೇಲಿನ ಗಿಯರ್‌ನಲ್ಲಿ ಇಳಿದರೆ ಸುತ್ತು ಬೀಳುತ್ತದೆ, ಎಣ್ಣೆಯ ಹರಿವು ತಗ್ಗುತ್ತದೆ, ಡಿಸ್ಕ್ ಮಾತ್ರ ಮೊದಲಿಗಿಂತ ಹೆಚ್ಚು ಕೆಲಸ ಮಾಡುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ಬ್ರೇಕ್ ಎಣ್ಣೆಯ ಉಷ್ಣತೆಯ ಮುಳ್ಳು ಕೆಂಪಿಗೆ ಬರುತ್ತದೆ. ಆಗ ಮಾಡಬೇಕಾದ್ದು ಕೆಳಗಿನ ಗಿಯರಿಗೆ ಬಂದು ವೇಗ ತಗ್ಗಿಸುವುದು, ಅದಕ್ಕೂ ಬಗ್ಗದಿದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸದೆ ಸುತ್ತು ಏರಿಸಿ ತಣ್ಣಗಾಗಲು ಬಿಡುವುದು. ಎಂಜಿನ್ ಆರಿಸಿದರೆ ಎಣ್ಣೆ ನಿಂತುಹೋಗಿ ಸೀಲುಗಳು ಬೆಂದುಹೋಗುತ್ತವೆ.

ನಿಲ್ಲಿಸುವ ಬ್ರೇಕು ಹೈಡ್ರಾಲಿಕ್. ಅದರ ಒತ್ತಡವನ್ನು ಅಕ್ಯುಮುಲೇಟರ್ ಎಂಬ ಉರುಳೆಗಳಲ್ಲಿ ಕೂಡಿಟ್ಟಿರುತ್ತಾರೆ. ಒಂದು ಕಡೆ ನೈಟ್ರೋಜನ್ ಅನಿಲ, ಇನ್ನೊಂದು ಕಡೆ ಎಣ್ಣೆ. ಎಂಜಿನ್ ಇದ್ದಕ್ಕಿದ್ದಂತೆ ನಿಂತರೂ ಕೆಲವು ಸಲ ಬ್ರೇಕ್ ಒತ್ತುವಷ್ಟು ಒತ್ತಡ ಅಲ್ಲಿರುತ್ತದೆ. ಸ್ಟೇರಿಂಗ್‌ಗೂ ಇದೇ ಏರ್ಪಾಡು. ಪಾರ್ಕಿಂಗ್ ಬ್ರೇಕಿನದು ಉಲ್ಟಾ ಲೆಕ್ಕ: ಸ್ಪ್ರಿಂಗ್ ಸದಾ ಅದನ್ನು ಒತ್ತಿ ಹಿಡಿದಿರುತ್ತದೆ, ಎಣ್ಣೆಯ ಒತ್ತಡ ಅದನ್ನು ಬಿಡಿಸುತ್ತದೆ. ಪೈಪು ಒಡೆದರೆ ಬ್ರೇಕ್ ಬೀಳುತ್ತದೆಯೇ ಹೊರತು ಬಿಡುವುದಿಲ್ಲ. ಈ ಎಲ್ಲ ಬ್ರೇಕ್ ವ್ಯವಸ್ಥೆಗಳೂ ಎಷ್ಟು ಹಿಡಿಯಬೇಕು, ಹೇಗೆ ಪರೀಕ್ಷಿಸಬೇಕು ಎನ್ನುವುದನ್ನು ಐಎಸ್ಒ 3450 ಮಾನದಂಡ ಹೇಳುತ್ತದೆ.

ಕೆಡುವುದು ಎಲ್ಲಿ? ಗ್ರಿಡ್‌ನಲ್ಲಿ ದೂಳು ಮತ್ತು ಕೆಸರು ದೊಡ್ಡ ಶತ್ರು. ಗಾಳಿಯ ಕಿಂಡಿಗಳು ಮುಚ್ಚಿದರೆ ಪಟ್ಟಿಗಳು ಅತಿಯಾಗಿ ಕಾದು ಬಾಗುತ್ತವೆ, ಪಕ್ಕದ್ದಕ್ಕೆ ತಾಗುತ್ತವೆ ಅಥವಾ ತುಂಡಾಗುತ್ತವೆ. ಇನ್ಸುಲೇಟರ್ ಮೇಲೆ ಕೂತ ದೂಳು ಮಳೆಯಲ್ಲಿ ಒದ್ದೆಯಾದರೆ ವಿದ್ಯುತ್ತು ಚಾಸಿಗೆ ಸೋರಿ ಗ್ರೌಂಡ್ ಫಾಲ್ಟ್ ಬರುತ್ತದೆ. ತುಂಬ ಎತ್ತರದ ಗಣಿಗಳಲ್ಲಿ ಗಾಳಿಯೇ ತೆಳು, ತಂಪಾಗುವುದು ಕಡಿಮೆ, ಚಾರ್ಟಿನ ವೇಗವನ್ನೂ ತಗ್ಗಿಸಬೇಕು. ಎಣ್ಣೆಯ ಡಿಸ್ಕ್‌ನಲ್ಲಿ ಸೀಲು ಸೋರಿ ದೂಳು ಒಳಸೇರಿದರೆ ಸವೆತ ದಿಢೀರನೆ ಹೆಚ್ಚುತ್ತದೆ, ಎಣ್ಣೆಯ ಮಾದರಿ ಪರೀಕ್ಷೆಯಲ್ಲಿ ಲೋಹದ ಕಣಗಳು ಮೊದಲು ಕಾಣುತ್ತವೆ. ಅಕ್ಯುಮುಲೇಟರ್‌ನಲ್ಲಿ ನೈಟ್ರೋಜನ್ ಸೋರಿದ್ದು ಎಂಜಿನ್ ಓಡುವಾಗ ಗೊತ್ತೇ ಆಗುವುದಿಲ್ಲ. ಅದಕ್ಕೇ ಎಂಜಿನ್ ಆರಿಸಿ, ಪೆಡಲನ್ನು ಮತ್ತೆ ಮತ್ತೆ ಒತ್ತಿ, ಒತ್ತಡ ಎಷ್ಟು ಬೇಗ ಬೀಳುತ್ತದೆ ಎಂದು ನೋಡಬೇಕು.

ಪಾಳಿ ಶುರುವಾಗುವಾಗ ಇನ್ನೊಂದು ಪರೀಕ್ಷೆ ಇದೆ. ಸಮತಟ್ಟು ಜಾಗದಲ್ಲಿ, ಸುತ್ತ ಯಾರೂ ಇಲ್ಲದಾಗ, ಒಂದು ಬ್ರೇಕನ್ನು ಮಾತ್ರ ಹಾಕಿ, ಗಾಡಿಯನ್ನು ಮುಂದಕ್ಕೆ ಚಲಿಸುವ ಗಿಯರಿಗೆ ಹಾಕಿ, ಕೈಪಿಡಿ ಹೇಳಿದ ಸುತ್ತಿನವರೆಗೆ ಆಕ್ಸಿಲರೇಟರ್ ಕೊಡುವುದು. ಗಾಡಿ ಅಲುಗಬಾರದು. ಪ್ರತಿ ಬ್ರೇಕಿಗೂ ಬೇರೆ ಬೇರೆಯಾಗಿ ಹೀಗೆ ಮಾಡಬೇಕು. ಒಂದು ಅಡಿ ಸರಿದರೂ ಆ ಗಾಡಿ ರಿಪೇರಿಗೆ ಹೋಗಬೇಕು, ಲೋಡಿಗಲ್ಲ.

ಲೋಡಿನ ವಿಷಯದಲ್ಲಿ 10-10-20 ಎಂಬ ನಿಯಮ ಪ್ರಸಿದ್ಧ. ನೂರು ಲೋಡಿನಲ್ಲಿ 10ಕ್ಕಿಂತ ಹೆಚ್ಚು ಲೋಡುಗಳು ಗುರಿಗಿಂತ 10% ಮೀರಬಾರದು, ಯಾವ ಒಂದು ಲೋಡೂ 20% ಮೀರಬಾರದು. ಆ 20%ರ ಗೆರೆ ಟೈರಿಗಾಗಿ ಮಾತ್ರ ಇರುವುದಲ್ಲ. ಅದನ್ನು ದಾಟಿದರೆ ಬ್ರೇಕು ಮತ್ತು ಸ್ಟೇರಿಂಗ್ ಹಿಡಿಯುತ್ತವೆ ಎನ್ನುವ ಭರವಸೆಯೇ ಇರುವುದಿಲ್ಲ, ಅಂಥ ಲೋಡನ್ನು ಅಲ್ಲೇ ಸುರಿಯಬೇಕು.

ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ಕೊನೆಗೆ ಹಿಡಿಯುವುದು ಟೈರು ಮತ್ತು ನೆಲ. ಲೋಡ್ ತುಂಬಿದಾಗ ಮೂರನೇ ಎರಡು ಪಾಲು ತೂಕ ಹಿಂದಿನ ಚಕ್ರಗಳ ಮೇಲಿರುತ್ತದೆ, ಖಾಲಿ ಇದ್ದಾಗ ಹೆಚ್ಚುಕಡಿಮೆ ಅರ್ಧ. ಮೋಟಾರ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ ಆದ ಗಾಡಿಯಲ್ಲಿ ರಿಟಾರ್ಡಿಂಗ್ ಕೂಡ ಅಲ್ಲಿಗೇ. ಅದಕ್ಕೇ ಒದ್ದೆ ರಸ್ತೆಯಲ್ಲಿ ಖಾಲಿ ಡಂಪರ್ ಜಾರುವುದು ಜಾಸ್ತಿ. ದೂಳು ಅಡಗಿಸಲು ನೀರು ಬಿಡುವ ಟ್ಯಾಂಕರ್ ಇಳಿಜಾರಿನಲ್ಲಿ ಪೂರ್ತಿ ನೆನೆಸಬಾರದು. ಪಟ್ಟಿ ಬಿಟ್ಟು ಪಟ್ಟಿ ಚಿಮುಕಿಸಿದರೆ ಟೈರಿಗೆ ನಡುನಡುವೆ ಒಣ ನೆಲ ಸಿಗುತ್ತದೆ.

ಎಲ್ಲವೂ ಕೈಕೊಟ್ಟರೆ ಎಂದು ರಸ್ತೆಯನ್ನೇ ಸಿದ್ಧ ಮಾಡಿರುತ್ತಾರೆ. ಅಂಚಿನಲ್ಲಿ ದೊಡ್ಡ ಗಾಡಿಯ ಚಕ್ರದ ಅರ್ಧ ಎತ್ತರಕ್ಕಾದರೂ ಮಣ್ಣಿನ ಒಡ್ಡು, ಕೆಲವು ಕಡೆ ಪಕ್ಕಕ್ಕೆ ಏರುವ ತಪ್ಪಿಸಿಕೊಳ್ಳುವ ದಾರಿ, ಇನ್ನು ಕೆಲವು ಕಡೆ ರಸ್ತೆಯ ನಡುವೆ ಸಡಿಲ ಮಣ್ಣಿನ ಉದ್ದ ಗುಡ್ಡೆ. ಚಾಲಕ ಗಾಡಿಯನ್ನು ಆ ಗುಡ್ಡೆಯ ಮೇಲೆ, ಚಕ್ರಗಳು ಎರಡೂ ಬದಿಗೆ ಬರುವಂತೆ ಹತ್ತಿಸುತ್ತಾನೆ. ಗಾಡಿಯ ಹೊಟ್ಟೆ ಮಣ್ಣನ್ನು ಉಜ್ಜುತ್ತಾ ಹೋಗಿ ನಿಲ್ಲುತ್ತದೆ. ಇದನ್ನು ವೇಗ ಕಡಿಮೆ ಇದ್ದಾಗಲೇ ಮಾಡಬೇಕು, ಆದ್ದರಿಂದ ಗುಡ್ಡೆ ಇಳಿಜಾರಿನ ಮೇಲ್ಭಾಗದಿಂದಲೇ ಶುರುವಾಗಿರಬೇಕು.

940 ಮೆಗಾಜೂಲ್ ಎಂದರೆ 260 ಯೂನಿಟ್ ವಿದ್ಯುತ್ತು. ಅದನ್ನು ಗಾಳಿಗೆ ಬಿಡುವುದು ಎಷ್ಟೊಂದು ನಷ್ಟ ಎಂದು ನಿಮಗೂ ಅನ್ನಿಸಿರಬಹುದು. ಬೆಟ್ಟದ ಮೇಲಿನ ಗಣಿಯಲ್ಲಿ ಗಾಡಿ ಖಾಲಿ ಏರಿ, ತುಂಬಿ ಇಳಿಯುತ್ತದೆ. ಅಲ್ಲಿ ಬ್ಯಾಟರಿ ಇಟ್ಟರೆ ಈ ವಿದ್ಯುತ್ತನ್ನು ಉಳಿಸಬಹುದು. ಸ್ವಿಟ್ಜರ್ಲೆಂಡಿನ ಒಂದು ಸಿಮೆಂಟ್ ಕ್ವಾರಿಯಲ್ಲಿ ಕೊಮಾಟ್ಸು ಡಂಪರೊಂದನ್ನು ಬ್ಯಾಟರಿಗೆ ಬದಲಿಸಿದ್ದಾರೆ. ಖಾಲಿ 45 ಟನ್, ತುಂಬಿದರೆ 110 ಟನ್ ತೂಗುವ ಆ ಗಾಡಿ ಇಳಿಯುವಾಗ ಗಳಿಸಿದ ವಿದ್ಯುತ್ತಿನಿಂದಲೇ ಬಹುಪಾಲು ಏರುತ್ತದೆ. ಇಂಥ ಗಾಡಿಗೆ ಮೇಲಿನ ತುದಿಯಲ್ಲಿ ಪೂರ್ತಿ ಚಾರ್ಜ್ ಮಾಡಿ ಕಳಿಸುವಂತಿಲ್ಲ. ಬ್ಯಾಟರಿ ತುಂಬಿದ್ದರೆ ಇಳಿಯುವಾಗ ಹುಟ್ಟುವ ವಿದ್ಯುತ್ತಿಗೆ ಜಾಗವಿರುವುದಿಲ್ಲ, ಜಾಗವಿಲ್ಲದಿದ್ದರೆ ಮೋಟಾರ್ ಹಿಡಿಯುವುದೂ ಇಲ್ಲ. ಹಾಗಾಗಿ ದೊಡ್ಡ ಬ್ಯಾಟರಿ ಡಂಪರ್‌ಗೂ ಹೆಚ್ಚಾದ ವಿದ್ಯುತ್ತನ್ನು ಸುಡುವುದಕ್ಕೆ ರೆಸಿಸ್ಟರ್ ಗ್ರಿಡ್ಡೋ, ಎಣ್ಣೆ ತಂಪಾಗಿಸುವ ಬ್ರೇಕೋ, ಪೂರ್ತಿ ಇಳಿಜಾರನ್ನು ಒಂಟಿಯಾಗಿ ತಡೆಯುವ ಸಾಮರ್ಥ್ಯದ್ದು ಒಂದಾದರೂ ಇರಲೇಬೇಕು.