ಈರುಳ್ಳಿ ರಸ ಹಚ್ಚಿದರೆ ಉದುರಿದ ಕೂದಲು ಮತ್ತೆ ಬರುತ್ತದಾ?

ಪ್ರಶ್ನೆ: ನಾಲ್ಕು ತಿಂಗಳಿಂದ ಕೂದಲು ವಿಪರೀತ ಉದುರುತ್ತಿದೆ. ಈರುಳ್ಳಿ ರಸ ಹಚ್ಚು ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಅಕ್ಕನಿಗೆ ಅದರಿಂದಲೇ ನಿಂತಿತು. ನಿಜವಾಗಲೂ ಕೆಲಸ ಮಾಡುತ್ತದಾ?

ಉತ್ತರ: ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕವಿಲ್ಲ. ಈರುಳ್ಳಿಯ ಜಾಗದಲ್ಲಿ ಒಮ್ಮೆ ಬೆಳ್ಳುಳ್ಳಿ ಇರುತ್ತದೆ, ಒಮ್ಮೆ ಮೆಂತ್ಯ, ಒಮ್ಮೆ ಹರಳೆಣ್ಣೆ. ಪ್ರಶ್ನೆ ಮಾತ್ರ ಅದೇ. ಉತ್ತರವೂ ಅದೇ: ಬೋಳಾಗುತ್ತಿರುವ ತಲೆಯಲ್ಲಿ ಇವು ಕೂದಲು ಹುಟ್ಟಿಸುತ್ತವೆ ಅನ್ನಲು ನಂಬುವಂಥ ಪುರಾವೆ ಇಲ್ಲ.

ಇಷ್ಟು ಹೇಳಿದರೆ ಸಾಕು, "ಹಾಗಾದರೆ ನಮ್ಮ ಅಕ್ಕನಿಗೆ ಹೇಗೆ ನಿಂತಿತು?" ಅಂತ ಮರುಪ್ರಶ್ನೆ ಬರುತ್ತದೆ. ಅಕ್ಕ ಸುಳ್ಳು ಹೇಳುತ್ತಿಲ್ಲ. ಉದುರುವುದು ನಿಂತದ್ದು ನಿಜ. ನಿಲ್ಲಿಸಿದ್ದು ಈರುಳ್ಳಿ ಅನ್ನುವುದೇ ತಪ್ಪು. ಈ ಒಂದು ವಿಷಯವನ್ನು ಇವತ್ತು ಪೂರ್ತಿ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಕೊನೆವರೆಗೆ ಓದಿ.

ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತವೆ. ಒಂದೊಂದು ಕೂದಲೂ 2ರಿಂದ 6 ವರ್ಷ ಬೆಳೆಯುತ್ತದೆ. ಆಮೇಲೆ ಬೆಳವಣಿಗೆ ನಿಲ್ಲುತ್ತದೆ, ಸುಮಾರು 3 ತಿಂಗಳು ಸುಮ್ನೆ ಅಲ್ಲೇ ಕೂತಿದ್ದು ಉದುರುತ್ತದೆ. ಅದೇ ಬುಡದಿಂದ ಹೊಸದು ಬರುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೀಗೆ ಹೋಗುವುದು ಸಹಜ.

ಈಗ ಒಬ್ಬರಿಗೆ ಜೋರು ಜ್ವರ ಬಂತು ಅನ್ನಿ. ಅಥವಾ ಹೆರಿಗೆ ಆಯಿತು, ದೊಡ್ಡ ಆಪರೇಷನ್ ಆಯಿತು, ಊಟ ಬಿಟ್ಟು ಗಬಕ್ಕನೆ ತೂಕ ಇಳಿಸಿದರು. ಆ ಹೊಡೆತಕ್ಕೆ ಬೆಳೆಯುತ್ತಿದ್ದ ಕೂದಲುಗಳಲ್ಲಿ ಒಂದು ದೊಡ್ಡ ಪಾಲು ಒಟ್ಟಿಗೇ ಬೆಳವಣಿಗೆ ನಿಲ್ಲಿಸುತ್ತದೆ. ಆದರೆ ಆಗಲೇ ಉದುರುವುದಿಲ್ಲ. 2-3 ತಿಂಗಳು ಕಳೆದ ಮೇಲೆ, ಜ್ವರ ಬಂದದ್ದೇ ಮರೆತುಹೋದ ಮೇಲೆ, ಬಾಚಣಿಗೆ ತುಂಬಾ ಕೂದಲು ಬರಲು ಶುರುವಾಗುತ್ತದೆ. ವೈದ್ಯರು ಇದನ್ನು ಟೆಲೋಜೆನ್ ಎಫ್ಲೂವಿಯಂ ಅನ್ನುತ್ತಾರೆ. ಕಾರಣ ಹೋಗಿದ್ದರೆ ಸಾಮಾನ್ಯವಾಗಿ 6 ತಿಂಗಳೊಳಗೆ ಇದು ತಾನಾಗಿಯೇ ನಿಲ್ಲುತ್ತದೆ. ಏನೂ ಹಚ್ಚದಿದ್ದರೂ ನಿಲ್ಲುತ್ತದೆ.

ಮನುಷ್ಯ ಯಾವಾಗ ಈರುಳ್ಳಿ ಹೆಚ್ಚಲು ಕೂರುತ್ತಾನೆ, ಯೋಚಿಸಿ. ಮೊದಲ ವಾರ ಅಲ್ಲ. ಮೊದಲು ಶಾಂಪೂ ಬದಲಿಸುತ್ತಾನೆ, ನೀರು ಸರಿಯಿಲ್ಲ ಅನ್ನುತ್ತಾನೆ, ಅವರಿವರನ್ನು ಕೇಳುತ್ತಾನೆ. ಹೀಗೆ ಮೂರು ನಾಲ್ಕು ತಿಂಗಳು ಕಳೆಯುತ್ತವೆ. ರಸ ಹಚ್ಚಲು ಶುರು ಮಾಡುವ ಹೊತ್ತಿಗೆ ಉದುರುವುದು ನಿಲ್ಲುವ ಕಾಲವೂ ಹತ್ತಿರ ಬಂದಿರುತ್ತದೆ. ಒಂದೆರಡು ತಿಂಗಳಲ್ಲಿ ನಿಲ್ಲುತ್ತದೆ, ಹೆಸರು ಈರುಳ್ಳಿಗೆ. ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಅಂದ ಅಜ್ಜಿಯ ಲೆಕ್ಕ ಇದು. ನಿಮಗೂ ಈಗ ನಾಲ್ಕು ತಿಂಗಳು ಆಗಿದೆ, ಅಲ್ವಾ? ನಿಮ್ಮದೂ ಇದೇ ಬಗೆಯದಾದರೆ ಇವತ್ತಿನಿಂದ ಬರೀ ನೀರು ಹಚ್ಚಿದರೂ ಅದಕ್ಕೇ ಕೀರ್ತಿ ಬರುತ್ತದೆ.

ಉದುರಿದ ಒಂದು ಕೂದಲನ್ನು ಬಿಳಿ ಕಾಗದದ ಮೇಲಿಟ್ಟು ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಬಿಳಿ ಗಂಟು ಕಾಣುತ್ತದೆ. "ಬೇರು ಸಮೇತ ಕಿತ್ತು ಬಂತು, ಇನ್ನು ಅಲ್ಲಿ ಹುಟ್ಟುವುದಿಲ್ಲ" ಅಂತ ಜನ ಹೆದರುವುದು ಇದನ್ನು ನೋಡಿಯೇ. ಅದು ಬೇರಲ್ಲ. ಬೆಳೆದು ಮುಗಿದ ಕೂದಲಿನ ತುದಿ ಅದು. ಕೂದಲು ಹುಟ್ಟಿಸುವ ಬುಡ ಚರ್ಮದೊಳಗೇ ಉಳಿದಿರುತ್ತದೆ. ಗಂಟೇ ಇಲ್ಲದ ತುಂಡುಗಳು ಜಾಸ್ತಿ ಸಿಕ್ಕರೆ ಕೂದಲು ಉದುರುತ್ತಿಲ್ಲ, ನಡುವೆ ಮುರಿಯುತ್ತಿದೆ ಅಂತ ಅರ್ಥ. ಕೊಬ್ಬರಿ ಎಣ್ಣೆ ಸ್ವಲ್ಪ ನೆರವಾಗುವುದು ಇಂಥ ಕಡೆ. ಅದು ಕೂದಲಿನ ಎಳೆಯೊಳಗೆ ಇಳಿದು ಎಳೆ ಸವೆಯುವುದನ್ನು ಕಡಿಮೆ ಮಾಡುತ್ತದೆ. ಬುಡದಲ್ಲಿ ಹೊಸ ಕೂದಲು ಹುಟ್ಟಿಸುವುದಿಲ್ಲ.

"ಈರುಳ್ಳಿ ಬಗ್ಗೆ ಸಂಶೋಧನೆ ಆಗಿದೆಯಲ್ಲ?" ಅನ್ನುವವರಿದ್ದಾರೆ. ಆಗಿದೆ. 2002ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ. ಒಟ್ಟು 38 ಜನ. 23 ಜನರಿಗೆ ದಿನಕ್ಕೆ 2 ಸಲ ಈರುಳ್ಳಿ ರಸ, ಉಳಿದವರಿಗೆ ನಲ್ಲಿ ನೀರು. 6 ವಾರದ ಹೊತ್ತಿಗೆ ರಸ ಹಚ್ಚಿದವರಲ್ಲಿ 20 ಜನರಿಗೆ ಕೂದಲು ಬಂದಿತ್ತು. ಜನ ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಅವರಿಗೆಲ್ಲ ಇದ್ದ ತೊಂದರೆ ಯಾವುದು? ಅಲೋಪೇಶಿಯಾ ಏರಿಯೇಟಾ. ನಾಣ್ಯದಗಲದ ಜಾಗ ನುಣ್ಣಗೆ ಬೋಳಾಗುವುದು, ಜನ "ಹುಳ ತಿಂದಿದೆ" ಅನ್ನುವುದು ಇದನ್ನೇ. ಹುಳ ಯಾವುದೂ ಇಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಕೂದಲಿನ ಬುಡದ ಮೇಲೆ ತಿರುಗಿ ಬೀಳುತ್ತದೆ. ಈ ತೊಂದರೆ ಚಿಕ್ಕದಾಗಿದ್ದರೆ ಎಷ್ಟೋ ಜನರಿಗೆ ವರ್ಷದೊಳಗೆ ತಾನಾಗಿಯೇ ಕೂದಲು ಬರುತ್ತದೆ. ಇನ್ನೊಂದು ಮಾತು: ತಲೆಗೆ ಹಚ್ಚಿದ್ದು ಈರುಳ್ಳಿಯೋ ನೀರೋ ಅನ್ನುವುದು ಮೂಗಿಗೇ ಗೊತ್ತಾಗುತ್ತದೆ. ಹಾಗಿರುವಾಗ ನಿಷ್ಪಕ್ಷಪಾತವಾಗಿ ಹೋಲಿಸುವುದು ಕಷ್ಟ. ಇಷ್ಟು ಸಣ್ಣ ಅಧ್ಯಯನ ಹಿಡಿದು ಎಲ್ಲ ಬಗೆಯ ಕೂದಲುದುರುವಿಕೆಗೂ ಈರುಳ್ಳಿ ಮದ್ದು ಅನ್ನುವುದು ಸರಿಯಲ್ಲ. ಅದರ ಘಾಟಿಗೆ ಕೆಲವರ ನೆತ್ತಿ ಉರಿದು, ಕೆಂಪಾಗಿ, ತುರಿಸುವುದೂ ಉಂಟು.

ನಷ್ಟ ಆಗುವುದು ಮೂರನೇ ಬಗೆಯವರಿಗೆ. ಗಂಡಸರಿಗೆ ಹಣೆಯ ಎರಡು ಬದಿ, ನೆತ್ತಿ. ಹೆಂಗಸರಿಗೆ ಬೈತಲೆ ಅಗಲವಾಗುವುದು. ವಂಶದಿಂದ ಬರುವ ತೊಂದರೆ ಇದು. ಗಂಡಸರಲ್ಲಿ ಡಿಎಚ್‌ಟಿ ಅನ್ನುವ ಹಾರ್ಮೋನಿಗೆ ಬುಡಗಳು ಸೊರಗುತ್ತಾ ಹೋಗುತ್ತವೆ, ಪ್ರತಿ ಸಲ ಹುಟ್ಟುವ ಕೂದಲು ಹಿಂದಿನದಕ್ಕಿಂತ ತೆಳ್ಳಗಿರುತ್ತದೆ. ಇದು ತಾನಾಗಿ ನಿಲ್ಲುವುದಿಲ್ಲ. ಪುರಾವೆ ಇರುವ ಔಷಧಿಗಳಿವೆ. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು, ನುಂಗಿದವರಿಗೆ ಮೈಮೇಲೆ ಕೂದಲು ಬೆಳೆದದ್ದು ನೋಡಿ ತಲೆಗೆ ಹಚ್ಚುವ ದ್ರವ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಗಂಡಸರ ಫಿನಾಸ್ಟರೈಡ್ ಮಾತ್ರೆಗೆ 1997ರಲ್ಲಿ. ಎರಡನ್ನೂ ವೈದ್ಯರನ್ನು ಕೇಳಿಯೇ ಶುರು ಮಾಡಿ. ಫಲ ಕಾಣಲು ತಿಂಗಳುಗಳೇ ಬೇಕು, ಬಿಟ್ಟರೆ ಬಂದ ಫಲವೂ ಹೋಗುತ್ತದೆ. ಇವು ಇರುವುದನ್ನು ಉಳಿಸುವುದರಲ್ಲೇ ಗಟ್ಟಿ. ಅದಕ್ಕೇ ಈರುಳ್ಳಿ ಹಚ್ಚುತ್ತಾ ಎರಡು ವರ್ಷ ಕಳೆದವರನ್ನು ನೋಡಿದರೆ ನನಗೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ.

ತಲೆ ಬೋಳಿಸಿದರೆ ದಪ್ಪಗೆ ಬರುತ್ತದೆ ಅನ್ನುವುದೂ ಇಲ್ಲ. 1928ರಷ್ಟು ಹಿಂದೆಯೇ ಅಳೆದು ನೋಡಿದ್ದಾರೆ, ವ್ಯತ್ಯಾಸ ಸಿಗಲಿಲ್ಲ. ಕತ್ತರಿಸಿದ ತುದಿ ಮೊಂಡಾಗಿರುತ್ತದೆ, ಕೈಗೆ ಒರಟಾಗಿ ಸಿಗುತ್ತದೆ, ಅಷ್ಟೇ.

ನೀವು ಕೇಳಿಲ್ಲ, ಆದರೂ ಬಯೋಟಿನ್ ಅನ್ನುವ ಬಿ ಗುಂಪಿನ ವಿಟಮಿನ್ ಮಾತ್ರೆಯ ಬಗ್ಗೆ ಹೇಳಲೇಬೇಕು. ಈರುಳ್ಳಿ ಬಿಟ್ಟವರು ಅನೇಕರು ಹಿಡಿಯುವುದು ಇದನ್ನೇ. ದೊಡ್ಡವರಿಗೆ ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಸಾಕು, ಊಟದಲ್ಲೇ ಸಿಗುತ್ತದೆ, ಕೊರತೆ ತೀರಾ ಅಪರೂಪ. ಕೂದಲಿಗೆಂದು ಮಾರುವ ಮಾತ್ರೆಗಳಲ್ಲಿ 5,000ದಿಂದ 10,000 ಮೈಕ್ರೋಗ್ರಾಂವರೆಗೂ ಇರುತ್ತದೆ. ಕೊರತೆ ಇಲ್ಲದವರಿಗೆ ಇದರಿಂದ ಕೂದಲು ಬರುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ತೊಂದರೆ ಏನು ಅನ್ನಬಹುದು. ತೊಂದರೆ ಇರುವುದು ರಕ್ತ ಪರೀಕ್ಷೆಯಲ್ಲಿ. ಎಷ್ಟೋ ಪರೀಕ್ಷೆಗಳು ಬಯೋಟಿನ್ ಬಳಸಿಯೇ ನಡೆಯುತ್ತವೆ. ರಕ್ತದಲ್ಲಿ ಅದು ವಿಪರೀತ ಇದ್ದರೆ ಫಲಿತಾಂಶ ತಪ್ಪಾಗಿ ಬರುತ್ತದೆ. ಹೃದಯಾಘಾತ ಪತ್ತೆಗೆ ಮಾಡುವ ಟ್ರೋಪೋನಿನ್ ಪರೀಕ್ಷೆ ಇದರಿಂದ ಎಡವಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಥೈರಾಯ್ಡ್ ಪರೀಕ್ಷೆಯದ್ದೂ ಇದೇ ಕಥೆ: ಆರೋಗ್ಯವಾಗಿರುವವರಿಗೂ ಥೈರಾಯ್ಡ್ ಜಾಸ್ತಿ ಇದೆ ಅಂತ ತೋರಿಸಬಹುದು. ಕೂದಲು ಉದುರುತ್ತಿದೆ ಅಂತ ಹೋದರೆ ವೈದ್ಯರು ಮೊದಲು ಬರೆಯುವ ಪರೀಕ್ಷೆಗಳಲ್ಲಿ ಥೈರಾಯ್ಡ್ ಕೂಡ ಒಂದು. ಬಯೋಟಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಅವರಿಗೆ ಮೊದಲೇ ಹೇಳಿ. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ 2 ದಿನ ಮೊದಲು ನಿಲ್ಲಿಸಬೇಕು. ಡೋಸ್ ದೊಡ್ಡದಿದ್ದರೆ ಇನ್ನೂ ಎಷ್ಟು ದಿನ ಮೊದಲು ಅಂತ ಅವರನ್ನೇ ಕೇಳಿ. ನಾಲ್ಕು ತಿಂಗಳ ಹಿಂದೆ, ಅದಕ್ಕೂ ಎರಡು ಮೂರು ತಿಂಗಳು ಮೊದಲು ಜ್ವರಗಿರ ಏನಾದರೂ ಬಂದಿತ್ತಾ ಅಂತ ನೆನಪು ಮಾಡಿಕೊಂಡು ಅದನ್ನೂ ಹೇಳಿ.