ಕಾಯ್ದೆ ಆಗುವುದು ಬೆಂಗಳೂರಲ್ಲಿ, ಹುಬ್ಬಳ್ಳಿಯಲ್ಲಿ ಕೂತು ನೀವೇನು ಮಾಡುತ್ತೀರಿ?

“ಕಾಯ್ದೆ-ಕಾನೂನು ಎಲ್ಲಾ ಬೆಂಗಳೂರಾಗ ಆಗ್ತಾವು. ನೀವು ಹುಬ್ಬಳ್ಳ್ಯಾಗ ಕುಂತು, ಶಾಸಕರ ಮನಿಗೆ ಅಡ್ಡಾಡಿ ಏನ್ ಮಾಡ್ತೀರಿ ಅಕ್ಕಾರ?” ಗದಗಿನ ಓದುಗರೊಬ್ಬರ ಪ್ರಶ್ನೆ ಇದು. ನಮ್ಮ ಮನೆಯಲ್ಲೂ ಇದನ್ನೇ ಕೇಳುತ್ತಾರೆ. ಜನರ ದೂರುಗಳನ್ನು ಶಾಸಕರ ಮೂಲಕ ಸದನದ ಪ್ರಶ್ನೆಯಾಗಿಸುವುದು ನಮ್ಮ ಕೆಲಸ. ಅದನ್ನೇ ಬಿಡಿಸಿ ಹೇಳುತ್ತೇನೆ.

ನಮ್ಮ ಹತ್ತಿರ ಬರುವವರಲ್ಲಿ ಬಹಳ ಮಂದಿ “ಹೊಸಾ ಕಾಯ್ದೆ ಮಾಡಸ್ರಿ” ಎಂದೇ ಬರುತ್ತಾರೆ. ಎಷ್ಟೋ ಸಲ ಕಾಯ್ದೆ ಆಗಲೇ ಇರುತ್ತದೆ. ಬೀದಿ ವ್ಯಾಪಾರಿಗಳದ್ದೇ ನೋಡಿ. 2014ರಲ್ಲೇ ಸಂಸತ್ತು ಕಾಯ್ದೆ ಮಾಡಿದೆ. ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು. ಇದನ್ನು ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಮಂದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಣ್ಣುಮಕ್ಕಳು. ಕಲಂ 3ರಲ್ಲಿ ಇನ್ನೂ ದೊಡ್ಡ ಮಾತಿದೆ: ಸಮೀಕ್ಷೆ ಮುಗಿದು ಎಲ್ಲರಿಗೂ ವ್ಯಾಪಾರದ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ.

ಆದರೂ ಎಬ್ಬಿಸುತ್ತಾರೆ. ನಮ್ಮ ಭಾಗದ ಒಂದು ಊರಿನ ಸಂತೆಯಲ್ಲಿ (ಊರ ಹೆಸರು ಬೇಡ) ತಪ್ಪಲಪಲ್ಯೆ ಮಾರುವ ಅಕ್ಕ ಹೇಳಿದ್ದು: “ಟ್ರ್ಯಾಕ್ಟರ್ ಬಂತಂದ್ರ ಬುಟ್ಟಿ ಸೈತ ಹೊತ್ಕೊಂಡ್ ಹೋಗ್ತಾರ್ರಿ.”

ಇಂಥ ದೂರನ್ನು ಮನವಿ ಮಾಡಿ ಶಾಸಕರ ಕೈಗಿತ್ತು ಫೋಟೊ ತೆಗೆಸಿಕೊಂಡರೆ ಅದು ಪಿ.ಎ. ಫೈಲಿನಲ್ಲೇ ಉಳಿಯುವುದು ಹೆಚ್ಚು. ಸದನದಲ್ಲಿ ಕೇಳುವ ಪ್ರಶ್ನೆಯನ್ನೇ ಬರೆದು ಒಯ್ದರೆ ಮಾತೇ ಬೇರೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಉತ್ತರ ಹೇಳಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. ಪತ್ರಿಕೆಯವರಿಗೆ ಮೊದಲನೆಯದು ಬೇಕು, ನನಗೆ ಎರಡನೆಯದು ಸಾಕು.

ಪ್ರಶ್ನೆ ಬರೆಯುವುದೇ ಒಂದು ಕಸುಬು. “ಬೀದಿ ವ್ಯಾಪಾರಿಗಳಿಗೆ ತೊಂದರೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?” ಎಂದು ಕೇಳಿದರೆ ಎದುರಿನ ಉತ್ತರದ ಅಂಕಣದಲ್ಲಿ “ಬಂದಿದೆ” ಎಂದಷ್ಟೇ ಬರುತ್ತದೆ. ಮೊದಮೊದಲು ನಾನು ಹೀಗೇ ಬರೆದು ಒಂದಿಡೀ ಅಧಿವೇಶನ ಕಳೆದುಕೊಂಡೆ. ಸಂತೆಯ ವಿಷಯದಲ್ಲಿ ಬರೆದದ್ದು ಹೀಗೆ: ಸಮೀಕ್ಷೆ ಯಾವ ದಿನಾಂಕಕ್ಕೆ ಪೂರ್ಣಗೊಂಡಿದೆ, ಎಷ್ಟು ಮಂದಿಗೆ ಪ್ರಮಾಣಪತ್ರ ನೀಡಲಾಗಿದೆ, ಸಮಿತಿಯ ಸಭೆಗಳು ಎಷ್ಟು ನಡೆದಿವೆ (ನಡವಳಿಗಳ ಪ್ರತಿ ಒದಗಿಸುವುದು). ಈ ಮೂರು ಸಾಲಿಗಾಗಿ ಎರಡು ವಾರ ಸಂತೆಯಲ್ಲಿ ಕೂತು, ಯಾರ ಹತ್ತಿರ ಯಾವ ಚೀಟಿ, ಯಾವ ರಸೀದಿ ಇದೆ ಎಂದು ಒಂದೊಂದೇ ಬಿಚ್ಚಿಸಿ ನೋಡಿದೆವು. ಕೆಲವು ಬೆವರಿಗೆ ಅಕ್ಷರವೇ ಅಳಿಸಿಹೋಗಿದ್ದವು.

ಯಾವ ಪಕ್ಷ ಎಂದೂ ಕೇಳುತ್ತಾರೆ. ಎಲ್ಲರ ಬಾಗಿಲಿಗೂ ಹೋಗುತ್ತೇವೆ. 75 ಸದಸ್ಯರ ವಿಧಾನ ಪರಿಷತ್ತಿನಲ್ಲೂ ಪ್ರಶ್ನೆ ಕೇಳಬಹುದು, ಅದನ್ನು ಜನ ಮರೆತೇಬಿಡುತ್ತಾರೆ. ಬೆಳಗಾವಿಯಲ್ಲಿ ಅಧಿವೇಶನವಿದ್ದರಂತೂ ನಮಗೆ ಅನುಕೂಲ. 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧ ಧಾರವಾಡದಿಂದ ಹೋಗುವಾಗ ಊರಿಗೂ ಮೊದಲೇ ಸಿಗುತ್ತದೆ. ಬೆಳಿಗ್ಗೆ ಬಸ್ ಹತ್ತಿದರೆ ರಾತ್ರಿ ಊಟಕ್ಕೆ ಮನೆಯಲ್ಲಿರಬಹುದು.

ಸಂತೆಯ ಪ್ರಶ್ನೆಗೆ ಬಂದ ಉತ್ತರ: “ಸಮೀಕ್ಷೆ ಪ್ರಗತಿಯಲ್ಲಿದೆ.” ನಮ್ಮ ಹುಡುಗರು ಮುಖ ಸಣ್ಣ ಮಾಡಿದರು. ನಾನು ಹಿಗ್ಗಿದೆ. ಸಮೀಕ್ಷೆ ಮುಗಿದಿಲ್ಲವೆಂದು ಸರ್ಕಾರವೇ ಸದನಕ್ಕೆ ಬರೆದುಕೊಟ್ಟ ಮೇಲೆ ಎಬ್ಬಿಸಲು ಆಧಾರವೆಲ್ಲಿದೆ? ಆ ಉತ್ತರದ ಜೆರಾಕ್ಸಿಗೆ ಕಲಂ 3ರ ಪುಟ ಪಿನ್ ಮಾಡಿ ಸಂತೆಯಲ್ಲಿ ಎಲ್ಲರಿಗೂ ಹಂಚಿದೆವು. ಅಕ್ಕ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬುಟ್ಟಿಯ ತಳದಲ್ಲಿಟ್ಟುಕೊಂಡಳು. ಮುಂದಿನ ಸಲ ಟ್ರ್ಯಾಕ್ಟರ್ ಬಂದಾಗ “ಓದ್ರಿ ಸಾಹೇಬ್ರ” ಎಂದು ಚಾಚಿದಳಂತೆ. ಅವರು ಓದಿ, ಫೋನ್ ಮಾಡಿ ಯಾರನ್ನೋ ಕೇಳಿ, ಬುಟ್ಟಿ ಮುಟ್ಟದೆ ಹೋದರಂತೆ.

ಸಮಿತಿಗೆ ವ್ಯಾಪಾರಿಗಳ ಚುನಾವಣೆ ಮಾತ್ರ ಅಲ್ಲಿ ಇನ್ನೂ ಆಗಿಲ್ಲ. ಬರುವ ಅಧಿವೇಶನಕ್ಕೆ ಆ ಪ್ರಶ್ನೆ ಬರೆಯುತ್ತಿದ್ದೇನೆ.