ಮೆಚ್ಚಿನ ಪಾತ್ರವೇ ಹಿತಶತ್ರುವಾದಾಗ: ಬೇಹುಗಾರಿಕೆ ಧಾರಾವಾಹಿಗಳ ನಂಬಲಾಗದ ತಿರುವುಗಳು

ಬೇಹುಗಾರಿಕೆಯ ಕಥೆಯಲ್ಲಿ ಯಾರಾದರೊಬ್ಬರು ದ್ರೋಹ ಬಗೆಯುವುದು ಸಹಜ. ಆದರೆ ವರ್ಷಗಟ್ಟಲೆ ನಾವು ಮೆಚ್ಚಿ ನೋಡಿದ ಪಾತ್ರವೇ ಹಿತಶತ್ರುವೆಂದು ಬಯಲಾದಾಗ, ಬೆರಗಿನ ಬದಲು ‘ಇದು ಹೇಗೆ ಸಾಧ್ಯ?’ ಎಂಬ ಅಸಮಾಧಾನವೇ ಉಳಿಯುವುದುಂಟು. ಚಿತ್ರಕಥೆಯನ್ನು ಅಭ್ಯಾಸ ಮಾಡುವವರು ಇಂಥ ತಿರುವನ್ನು ಒಂದು ಪರೀಕ್ಷೆಗೆ ಒಡ್ಡಬಹುದು: ಗುಟ್ಟು ತಿಳಿದ ಮೇಲೆ ಹಳೆಯ ಕಂತುಗಳಿಗೆ ಮರಳಿ, ಆ ಪಾತ್ರ ಒಂಟಿಯಾಗಿರುವ ದೃಶ್ಯಗಳನ್ನು ಮಾತ್ರ ನೋಡಬೇಕು. ಸಹೋದ್ಯೋಗಿಗಳ ಎದುರು ದ್ರೋಹಿ ನಟಿಸುವುದು ಸರಿ. ಬಾಗಿಲು ಮುಚ್ಚಿಕೊಂಡು ಒಬ್ಬನೇ ಕುಳಿತಾಗ ಅವನು ಯಾರಿಗಾಗಿ ನಟಿಸಬೇಕು?

ಬಿಬಿಸಿಯ ‘ಸ್ಪೂಕ್ಸ್’ (2002–2011) ಧಾರಾವಾಹಿಯ ಲೂಕಸ್ ನಾರ್ತ್ ಈ ಪರೀಕ್ಷೆಯಲ್ಲಿ ಸೋಲುತ್ತಾನೆ. ರಿಚರ್ಡ್ ಆರ್ಮಿಟೇಜ್ ನಟಿಸಿದ ಈ ಎಂಐ5 (ಬ್ರಿಟನ್ನಿನ ಆಂತರಿಕ ಗುಪ್ತಚರ ಸಂಸ್ಥೆ) ಅಧಿಕಾರಿ, ರಷ್ಯಾದ ಸೆರೆಮನೆಯಲ್ಲಿ ಎಂಟು ವರ್ಷ ಕಳೆದು, 2008ರ ಏಳನೇ ಸರಣಿಯಲ್ಲಿ ಕೈದಿಗಳ ವಿನಿಮಯದ ಮೂಲಕ ಮರಳುತ್ತಾನೆ. ಮೈತುಂಬ ಸೆರೆಮನೆಯ ಹಚ್ಚೆಗಳು, ಬೇಡವೆಂದರೂ ಮರುಕಳಿಸುವ ಚಿತ್ರಹಿಂಸೆಯ ನೆನಪುಗಳು: ಪ್ರೇಕ್ಷಕರಿಗೆ ಅವನ ಮೇಲೆ ಹುಟ್ಟಿದ ಮಮತೆಯ ಬೇರು ಇಲ್ಲಿತ್ತು. 2010ರ ಒಂಬತ್ತನೇ ಸರಣಿಯಲ್ಲಿ ವಾನ್ ಎಡ್ವರ್ಡ್ಸ್ ಎಂಬ ಹಳೆಯ ಪರಿಚಯಸ್ಥ ಪ್ರತ್ಯಕ್ಷನಾಗುತ್ತಾನೆ. ಲೂಕಸ್‌ನ ನಿಜನಾಮ ಜಾನ್ ಬೇಟ್‌ಮನ್, ಅವನು ನಿಜವಾದ ಲೂಕಸ್‌ನನ್ನು ಕೊಂದು ಆ ಹೆಸರನ್ನು ಹೊತ್ತವನು, 1995ರಲ್ಲಿ ಸೆನೆಗಲ್‌ನ ಡಕಾರ್ ನಗರದ ಬ್ರಿಟಿಷ್ ರಾಯಭಾರ ಕಚೇರಿಯ ಸ್ಫೋಟದಲ್ಲಿ ಕೈಯಿದ್ದವನು ಎಂಬುದನ್ನೆಲ್ಲ ಎಂಟೇ ಕಂತುಗಳಲ್ಲಿ ಹೇಳಿ ಮುಗಿಸಲಾಗುತ್ತದೆ.

ನೆನಪಿನ ದೃಶ್ಯ ಪಾತ್ರದ ತಲೆಯೊಳಗೇ ನಡೆಯುವಂಥದ್ದು. ಅದನ್ನು ನೋಡುವವರು ನಾವು ಮಾತ್ರ. ಏಳು ಮತ್ತು ಎಂಟನೇ ಸರಣಿಗಳಲ್ಲಿ ಲೂಕಸ್‌ನ ಮನಸ್ಸಿನೊಳಗೆ ನಮ್ಮನ್ನು ಅಷ್ಟು ಸಲ ಕರೆದೊಯ್ದವರು ಡಕಾರ್‌ನ ನೆರಳನ್ನೂ ಅಲ್ಲಿ ಇಟ್ಟಿರಲಿಲ್ಲ. ಪಾತ್ರ ಪ್ರೇಕ್ಷಕರಿಗೆ ಸುಳ್ಳು ಹೇಳಿದರೆ ಅದು ಕಥೆ. ಇಲ್ಲಿ ಸುಳ್ಳು ಹೇಳಿದ್ದು ನಿರೂಪಣೆಯೇ. ಆರ್ಮಿಟೇಜ್ ಅವರ ಅಭಿನಯದಲ್ಲಿ ಕೊರತೆಯಿಲ್ಲ, ಅವರು ಕೊನೆಯವರೆಗೂ ಆ ಮನುಷ್ಯನ ಸಂಕಟವನ್ನು ಹಿಡಿದಿಟ್ಟಿದ್ದಾರೆ. ಅದಕ್ಕೇ ನಷ್ಟ ಇನ್ನಷ್ಟು ದೊಡ್ಡದೆನಿಸುತ್ತದೆ.

ಅದೇ ಧಾರಾವಾಹಿಯ ಕಾನಿ ಜೇಮ್ಸ್ ಇದಕ್ಕೆ ಒಳ್ಳೆಯ ಹೋಲಿಕೆ. ಏಳನೇ ಸರಣಿಯಲ್ಲಿ ಆಕೆಯ ದ್ರೋಹ ಬಯಲಾದಾಗ ಹಿಂದಿನ ಯಾವ ದೃಶ್ಯವೂ ಮುರಿದುಬೀಳುವುದಿಲ್ಲ, ಏಕೆಂದರೆ ಅಷ್ಟರವರೆಗೆ ನಾವು ಅವರನ್ನು ಕಚೇರಿಯ ಹಿರಿಯ ವಿಶ್ಲೇಷಕಿಯಾಗಿ ಹೊರಗಿನಿಂದಷ್ಟೇ ಕಂಡಿರುತ್ತೇವೆ.

ಅಮೆರಿಕದ ‘24’ ಧಾರಾವಾಹಿಯ ಮೊದಲ ಸೀಸನ್‌ನ ಕೊನೆಯಲ್ಲಿ ಭಯೋತ್ಪಾದನಾ ನಿಗ್ರಹ ದಳದ ನಾಯಕ ಜ್ಯಾಕ್ ಬಾವರ್‌ನ ಸಹೋದ್ಯೋಗಿ ನೀನಾ ಮೈಯರ್ಸ್ ದ್ರೋಹಿಯೆಂದು ತಿಳಿಯುವ ಕ್ಷಣ ಮೈನಡುಗಿಸುತ್ತದೆ. ಆದರೆ ಈ ತಿರುವನ್ನು ಆರಂಭದಲ್ಲೇ ನಿರ್ಧರಿಸಿರಲಿಲ್ಲ, ಮತ್ತು ಅದರ ಹೊಲಿಗೆ ಒಂದು ಕಡೆ ಬಿಟ್ಟುಕೊಂಡಿದೆ. ಖಳನಾದ ಗೇನ್ಸ್, ನೀನಾಳನ್ನು ಗುಂಡಿಟ್ಟು ಕೊಲ್ಲುವಂತೆ ಜ್ಯಾಕ್ ಬಾವರ್‌ನನ್ನು ಬಲವಂತಪಡಿಸುತ್ತಾನೆ. ಗುಂಡುನಿರೋಧಕ ಕವಚದಿಂದಾಗಿ ಆಕೆ ಬದುಕುಳಿಯುತ್ತಾಳೆ. ತಮ್ಮ ಕಡೆಯವಳನ್ನೇ ಕೊಲ್ಲಿಸಲು ಹೊರಟದ್ದೇಕೆ? ಅವಳ ಗುಟ್ಟು ಗೇನ್ಸ್‌ಗೆ ತಿಳಿದಿರಲಿಲ್ಲವೆಂದು ನಾವೇ ಊಹಿಸಿಕೊಳ್ಳಬೇಕು. 2009ರ ಏಳನೇ ಸೀಸನ್‌ನಲ್ಲಿ ಜ್ಯಾಕ್‌ನ ಹಳೆಯ ಸಹೋದ್ಯೋಗಿ ಟೋನಿ ಅಲ್ಮೇಡಾನ ಸ್ಥಿತಿ ಇನ್ನೂ ಕಷ್ಟದ್ದು. ಸತ್ತನೆಂದುಕೊಂಡವನು ಖಳನಾಗಿ ಬರುತ್ತಾನೆ, ವೇಷ ಮರೆಸಿಕೊಂಡ ಸಜ್ಜನನೆಂದು ತಿಳಿಯುತ್ತದೆ, ಮತ್ತೆ ದ್ರೋಹಿಯಾಗುತ್ತಾನೆ. ಹೆಂಡತಿ ಮಿಶೆಲ್‌ಳ ಸಾವಿಗೆ ಸೇಡು ಎಂಬ ಕಾರಣ ಮನಮುಟ್ಟುವಂಥದ್ದೇ, ಆದರೆ ಇಷ್ಟು ಮಗುಚುಗಳ ನಂತರ ಬರುವುದರಿಂದ ಅದಕ್ಕೆ ನೆಲೆ ಸಿಗುವುದಿಲ್ಲ.

ನಿಜಜೀವನದ ದ್ರೋಹಿಗಳೂ ಕುರುಹು ಬಿಡುತ್ತಾರೆ. ಸೋವಿಯತ್ ಒಕ್ಕೂಟಕ್ಕೆ ಗುಟ್ಟು ಮಾರಿ 1994ರಲ್ಲಿ ಬಂಧಿತನಾದ, ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಆಲ್ಡ್ರಿಚ್ ಏಮ್ಸ್, ತನ್ನ ಸಂಬಳಕ್ಕೆ ನಿಲುಕದ 5,40,000 ಡಾಲರ್‌ಗಳ ಮನೆಯನ್ನು ನಗದು ಕೊಟ್ಟು ಕೊಂಡಿದ್ದ. ಎಲ್ಲರೂ ಕಂಡರು, ಬೇರೆ ಅರ್ಥ ಮಾಡಿಕೊಂಡರು.

ಬಿಬಿಸಿಯ 1979ರ ಏಳು ಕಂತುಗಳ ‘ಟಿಂಕರ್ ಟೇಲರ್ ಸೋಲ್ಜರ್ ಸ್ಪೈ’ ಇದೇ ಮರ್ಮವನ್ನು ಬಳಸಿಕೊಳ್ಳುತ್ತದೆ. ಬ್ರಿಟಿಷ್ ಗುಪ್ತಚರ ಸಂಸ್ಥೆಯೊಳಗಿನ ದ್ರೋಹಿಯನ್ನು ಹುಡುಕುವ ಜಾರ್ಜ್ ಸ್ಮೈಲಿಯ ಹೆಂಡತಿ ಆನ್ ಜೊತೆ, ಆ ದ್ರೋಹಿಯೇ ಆದ ಸಹೋದ್ಯೋಗಿ ಬಿಲ್ ಹೇಡನ್ ಇಟ್ಟುಕೊಂಡ ಸಂಬಂಧದ ಹಿಂದೆ ಸೋವಿಯತ್ ಬೇಹುಗಾರ ಕಾರ್ಲಾನ ಸೂಚನೆಯಿತ್ತು: ಮುಂದೊಂದು ದಿನ ಸ್ಮೈಲಿ ಹೇಡನ್‌ನನ್ನು ಶಂಕಿಸಿದರೂ, ಅದು ಹೊಟ್ಟೆಕಿಚ್ಚೆಂದು ತಾನೇ ತಳ್ಳಿಹಾಕಲಿ ಎಂದು. ಆ ಸಂಬಂಧದ ವಿಷಯ ಪ್ರೇಕ್ಷಕರಿಗೆ ಮೊದಲೇ ಗೊತ್ತಿರುತ್ತದೆ. ಸ್ಮೈಲಿಯಂತೆಯೇ ಅವರೂ ಅದನ್ನು ಒಂದು ಮನೆಯ ದುಃಖವೆಂದಷ್ಟೇ ಓದಿಕೊಂಡಿರುತ್ತಾರೆ.